ತಸ್ಲೀಮಾ ತುಂಬದೇ ಬಿಟ್ಟ ಕಾಲಂ

ನಮ್ಮ ಕಡೆ ಸಮಾಜ ಸೇವಕ ಅನಿಸಿಕೊಳ್ಳುವುದು ಸುಲಭ. ಬಿಳಿ ಅಂಗಿ ಹೊಲಿಸಿ, ಬಸ್ ಸ್ಟ್ಯಾಂಡಿನ ಎದುರು ಹುಟ್ಟುಹಬ್ಬದ ಬ್ಯಾನರ್ ಕಟ್ಟಿಸಿದರೆ ಆಯಿತು. ಅಂಥ ಬ್ಯಾನರ್‌ಗಳನ್ನು ಮಾಡಿ ಮಾಡಿಯೇ ನನ್ನ ಕಣ್ಣು ಹಾಳಾಗಿದೆ. ಆದರೆ ಸಮಾಜ ಕಾರ್ಯಕರ್ತ ಎಂಬ ಸರ್ಟಿಫಿಕೇಟ್ ಹಿಡಿದು ಕೆಳಗಿನ ಮೆಟ್ಟಿಲಿನ ಒಂದು ನೌಕರಿಗೆ ಅರ್ಜಿ ಹಾಕಬೇಕಾದರೆ ದಾರಿ ಬೇರೆ. ಎರಡು ವರ್ಷ ಎಂ.ಎಸ್.ಡಬ್ಲ್ಯೂ ಓದಬೇಕು. ವಾರಕ್ಕೆ ಎರಡು ದಿನ ಹಳ್ಳಿಗೋ ಆಸ್ಪತ್ರೆಗೋ ಹೋಗಿ ಕ್ಷೇತ್ರಕಾರ್ಯ ಮಾಡಬೇಕು. ಯಾರದಾದರೂ ಒಬ್ಬರ ಕಷ್ಟವನ್ನು ಹಿಡಿದು, ಅದರ ಬೆನ್ನು ಹತ್ತಿ, ನಡೆದದ್ದನ್ನೆಲ್ಲ ದಾಖಲೆ ಪುಸ್ತಕದಲ್ಲಿ ಬರೆಯಬೇಕು. ಅದಕ್ಕೆ ವಿಭಾಗದ ಮುಖ್ಯಸ್ಥರ ಸಹಿ ಬಿದ್ದರೆ ಮೌಖಿಕ ಪರೀಕ್ಷೆ, ಅದು ಪಾಸಾದರೆ ಪದವಿ. ಕೇಳಲಿಕ್ಕೆ ಚೆಂದ ಇದೆ. ನಾನೂ ಚೆಂದ ಇದೆ ಎಂದುಕೊಂಡೇ ಹನ್ನೊಂದು ವರ್ಷ ಆ ಪುಸ್ತಕಗಳನ್ನು ಟೈಪು ಮಾಡಿ, ರೆಕ್ಸಿನ್ ಹೊದಿಸಿ, ಬಂಗಾರದ ಬಣ್ಣದ ಅಕ್ಷರ ಹಚ್ಚಿ ಕೊಟ್ಟೆ.

ನನ್ನ ಹೆಸರು ಸಂಗಮನಾಥ. ಶಹಾಪುರದಲ್ಲಿ ಕಾಲೇಜೊಂದರ ಗೇಟಿನ ಎದುರು ನನ್ನ ಟೈಪಿಂಗ್, ಝೆರಾಕ್ಸ್, ಬೈಂಡಿಂಗ್ ಅಂಗಡಿ ಇದೆ. ಕಾಲೇಜಿನ ಹೆಸರು ಬರೆಯುವುದಿಲ್ಲ. ಬರೆದರೆ ಉಳಿದ ಕಾಲೇಜುಗಳು ತಾವು ಸಾಚಾ ಎಂದುಕೊಂಡಾವು.

ತಸ್ಲೀಮಾ ನನ್ನ ಅಂಗಡಿಯ ಹಿಂದಿನ ಓಣಿಯವಳು. ಅಪ್ಪ ಮನ್ಸೂರಅಲಿ ಹತ್ತಿ ತುಂಬಿ ಗಾದಿ, ದಿಂಬು ಹೊಲಿಯುವವನು. ಹುಡುಗಿ ಒಂಬತ್ತನೇ ಕ್ಲಾಸಿನಿಂದಲೇ ಓಣಿಯ ಹೆಂಗಸರ ಅರ್ಜಿ ಬರೆಯುತ್ತಿದ್ದಳು. ರೇಷನ್ ಕಾರ್ಡಿನದು, ಆಧಾರಿನದು, ಮಗುವಿನ ಜನನ ಪ್ರಮಾಣಪತ್ರದ್ದು. ಬರೆದು ಸುಮ್ಮನಾಗುವವಳಲ್ಲ. ಕಚೇರಿಗೂ ಜೊತೆಗೆ ಹೋಗುತ್ತಿದ್ದಳು, ಗುಮಾಸ್ತ ನಾಳೆ ಬಾ ಎಂದರೆ ನಾಳೆ ಅವನಿಗಿಂತ ಮೊದಲೇ ಬಾಗಿಲಲ್ಲಿ ಇರುತ್ತಿದ್ದಳು. ನನ್ನಲ್ಲಿಗೆ ಬಂದರೆ ಒಂದು ಹಾಳೆ ಸೊಟ್ಟ ಬಂದಿದ್ದರೂ ಮತ್ತೆ ತೆಗೆಸುತ್ತಿದ್ದಳು. ಇವಳು ಬಂದಳೆಂದರೆ ನನಗೆ ತಲೆನೋವು. ಆದರೂ ಹೇಳುತ್ತೇನೆ, ಈ ಕೆಲಸಕ್ಕೆಂದೇ ಹುಟ್ಟಿದವರು ಯಾರಾದರೂ ಇದ್ದರೆ ಅವಳೇ.

ಅವಳಿಗೆ ಬೇಕಾಗಿದ್ದದ್ದು ಒಂದೇ ಹುದ್ದೆ. ಯಾದಗಿರಿಯಲ್ಲಿ ಮಕ್ಕಳ ಕೆಲಸ ನೋಡುವ ಕಚೇರಿಯೊಂದರಲ್ಲಿ ಕ್ಷೇತ್ರ ಕಾರ್ಯಕರ್ತರ ಜಾಗ ಖಾಲಿ ಇತ್ತು. ಎಂ.ಎಸ್.ಡಬ್ಲ್ಯೂ ಆಗಿರಬೇಕು, ಕ್ಷೇತ್ರಕಾರ್ಯದಲ್ಲಿ ನೂರಕ್ಕೆ ಅರವತ್ತು ಅಂಕ ಇರಬೇಕು. ಅವಳು ಕೊನೆಯ ವರ್ಷದಲ್ಲಿದ್ದಳು. ಅರವತ್ತು ಏನು ಮಹಾ ಎಂದು ನಾನು ನಕ್ಕಿದ್ದೆ. ನಾನು ಬೈಂಡು ಮಾಡಿದ ಪುಸ್ತಕಗಳಿಗೆ ಎಂಬತ್ತೈದಕ್ಕಿಂತ ಕಡಿಮೆ ಬಂದದ್ದೇ ಇಲ್ಲ.

ಬರದೇ ಏನು? ವಿಭಾಗದ ಮುಖ್ಯಸ್ಥ ಯಂಕಣ್ಣ ಸರ್ ಪ್ರತಿ ಬ್ಯಾಚಿಗೂ ಒಂದು ಪೆನ್‌ಡ್ರೈವ್ ಕೊಡುತ್ತಿದ್ದರು. ಅದರಲ್ಲಿ ಮಾದರಿ ಕೇಸು. ಸಗರ ಗ್ರಾಮದ ಕೂಲಿ ಹೆಣ್ಣುಮಗಳು ಶೇಖಮ್ಮ, ಅವಳ ಮಗಳು ಮಲ್ಲೇಶ್ವರಿ, ವಯಸ್ಸು ಆರು, ಹುಟ್ಟಿದಾಗಿನಿಂದ ಕಿವಿ ಕೇಳಿಸುವುದಿಲ್ಲ. ವಿದ್ಯಾರ್ಥಿ ಅವರ ಮನೆಗೆ ಹೋಗುತ್ತಾನೆ, ತಾಯಿಗೆ ಧೈರ್ಯ ಹೇಳುತ್ತಾನೆ, ಮಗುವನ್ನು ಶಿಬಿರಕ್ಕೆ ಕರೆತಂದು ಶ್ರವಣಯಂತ್ರ ಕೊಡಿಸುತ್ತಾನೆ. ಕೊನೆಯ ಪುಟದ ಫಲಿತಾಂಶ ಎಂಬ ಕಾಲಂನಲ್ಲಿ, ‘ಮಗು ಈಗ ಶಾಲೆಗೆ ಹೋಗುತ್ತಿದ್ದು ತಾಯಿ ಸಂತೋಷದಿಂದಿದ್ದಾಳೆ’. ಅದರ ಕೆಳಗೆ ಯಂತ್ರ ಹಾಕಿದ ಒಂದು ಕಿವಿಯ ಫೋಟೋ. ಬರೀ ಕಿವಿ. ಮುಖ ತೋರಿಸಬಾರದು, ಗೌಪ್ಯತೆ ಕಾಪಾಡಬೇಕು ಎಂಬುದು ಈ ಓದಿನ ನಿಯಮವಂತೆ. ಮೊದಲ ಏಳೆಂಟು ಬ್ಯಾಚಿನವರು ಊರಿಗೆ ಹೋಗಿ ಫೋಟೋ ತೆಗೆದರು. ಆಮೇಲಿನವರಿಗೆ ಫೋಟೋವೂ ಪೆನ್‌ಡ್ರೈವಿನಲ್ಲೇ ಸಿಕ್ಕಿತು. ನನ್ನ ಕೆಲಸ ಮುಖಪುಟದ ಹೆಸರು ಬದಲಿಸುವುದು. ಹನ್ನೊಂದು ವರ್ಷ ಬದಲಿಸಿದೆ. ಮಗುವಿನ ವಯಸ್ಸು ಪ್ರತಿ ವರ್ಷವೂ ಆರೇ ಇದೆಯಲ್ಲ ಎಂದು ಒಮ್ಮೆಯೂ ನನ್ನ ತಲೆಗೆ ಹೋಗಲಿಲ್ಲ. ಹೋಗಿದ್ದರೂ ಬಾಯಿ ಬಿಡುತ್ತಿರಲಿಲ್ಲ, ಅದು ನನ್ನ ಯೋಗ್ಯತೆ.

ತಸ್ಲೀಮಾಳ ಕೈಗೂ ಪೆನ್‌ಡ್ರೈವ್ ಬಂತು. ಅವಳು ಓದಿ, ಆ ಮಗು ಈಗ ಹೇಗೆ ಕಲಿಯುತ್ತಿದೆ ನೋಡಿಕೊಂಡು ಬರೋಣ ಎಂದು ಸಗರದ ಬಸ್ಸು ಹತ್ತಿದಳು. ಅಲ್ಲಿ ಅವಳಿಗೆ ಸಿಕ್ಕದ್ದು ಹದಿನೇಳು ವರ್ಷದ, ತಾಯಿಗಿಂತ ಎತ್ತರದ ಹುಡುಗಿ. ಅವ್ವನ ಜೊತೆ ಹತ್ತಿ ಬಿಡಿಸಲು ಹೋಗುತ್ತಿದ್ದಳು. ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ. ಕಿವಿಯಲ್ಲಿ ಯಂತ್ರವೂ ಇರಲಿಲ್ಲ. ಶೇಖಮ್ಮ ಬೈಯಲಿಲ್ಲ, ರೊಟ್ಟಿ ಬಡಿದು ಹಾಕಿದಳು. “ವರ್ಷಾ ಕಾಲೇಜಿನ ಹುಡುಗ್ರು ಬರ್ತಿದ್ರವ್ವಾ. ನಾಕೈದು ವರ್ಷಾತು, ಯಾರೂ ಬಂದೇ ಇಲ್ಲ,” ಎಂದಳಂತೆ. ಉಂಡೂ ಹೋದ, ಕೊಂಡೂ ಹೋದ ಎನ್ನುವ ಗಾದೆ ನಮ್ಮ ಪದವೀಧರರಿಗೆಂದೇ ಮಾಡಿದ್ದು.

ಬೇರೆಯವರಾಗಿದ್ದರೆ ಬಸ್ಸು ಹತ್ತಿ ವಾಪಸ್ ಬರುತ್ತಿದ್ದರು. ಇವಳು ತಾಯಿ ಮಗಳನ್ನು ಯಾದಗಿರಿಗೆ ಮೂರು ಸಲ, ಕಲಬುರಗಿಗೆ ಒಂದು ಸಲ ಕರೆದುಕೊಂಡು ಹೋಗಿ ಕಿವಿ ಪರೀಕ್ಷೆ ಮಾಡಿಸಿದಳು. ಜೋರಾದ ಯಂತ್ರ ಹಾಕಿದರೆ ಸ್ವಲ್ಪವಾದರೂ ಕೇಳೀತು ಎಂದು ಡಾಕ್ಟರು ಬರೆದುಕೊಟ್ಟರು. ಆ ಚೀಟಿ ಹಿಡಿದು ಯಾದಗಿರಿಯ ಅದೇ ಮಕ್ಕಳ ಕಚೇರಿಗೆ ಹೋದರೆ ಅಲ್ಲಿಯ ಗುಮಾಸ್ತ ಕಂಪ್ಯೂಟರಿನ ಪರದೆಯನ್ನೇ ಅವಳತ್ತ ತಿರುಗಿಸಿದ. ಮಲ್ಲೇಶ್ವರಿ, ತಾಯಿ ಶೇಖಮ್ಮ, ಸಗರ: ಯಂತ್ರ ವಿತರಿಸಲಾಗಿದೆ. ಕಾಲೇಜು ವರ್ಷ ವರ್ಷವೂ ತನ್ನ ಶಿಬಿರದ ಫಲಾನುಭವಿಗಳ ಪಟ್ಟಿಯಲ್ಲಿ ಆ ಹೆಸರನ್ನು ಮೊಹರು ಹಾಕಿ ಕಳಿಸಿತ್ತು.

“ಒಬ್ಬಾಕಿಗೆ ಎಷ್ಟ ಸರ್ತಿ ಕೊಡಬೇಕಮ್ಮ?” ಎಂದು ಗುಮಾಸ್ತ ಅರ್ಜಿಯನ್ನು ವಾಪಸ್ ಕೊಟ್ಟ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಅವಳು ಅಲ್ಲಿಂದ ನೇರವಾಗಿ ನನ್ನ ಅಂಗಡಿಗೆ ಬಂದಳು.

“ಅಣ್ಣಾ, ಹಳೇ ಬ್ಯಾಚಿನ ದಾಖಲೆ ಎಲ್ಲಾ ನಿಮ್ಮ ಕಂಪ್ಯೂಟರ್‌ನ್ಯಾಗ ಅದಾವಲ್ರಿ. ತಗೀರಿ.”

“ಅದು ಕೆಟ್ಟಿತ್ತು ತಂಗಿ, ಎಲ್ಲಾ ಅಳಿಸಿ ಹೋಗ್ಯಾವ.”

“ಸುಳ್ಳು ಹೇಳಬ್ಯಾಡ್ರಿ. ಮನ್ನೆ ಅತೀಕಂದು ಅದರಾಗಿಂದೇ ತಗದು ಕೊಟ್ರಿ, ನಾ ಇಲ್ಲೇ ಇದ್ದೆ.”

ಅತೀಕ ಅವಳ ಸಹಪಾಠಿ, ಸುರಪುರದ ಹುಡುಗ. ಅವನ ಪುಸ್ತಕ ಹದಿನೈದೇ ನಿಮಿಷದಲ್ಲಿ ಆಗಿತ್ತು. ನನಗೆ ಬೇರೆ ದಾರಿ ಉಳಿಯಲಿಲ್ಲ. ಒಂದೊಂದಾಗಿ ತೆರೆದೆ. ಅವಳು ಕುರ್ಚಿ ಎಳೆದುಕೊಂಡು ಕೂತು ಓದಿದಳು. ಹನ್ನೊಂದು ಬ್ಯಾಚು, ನೂರಾರು ಪುಸ್ತಕ, ಎಲ್ಲದರಲ್ಲೂ ಒಂದೇ ಶೇಖಮ್ಮ ಸಂತೋಷವಾಗಿದ್ದಳು. ಆ ಪುಸ್ತಕ ಹಿಡಿದು ಪಾಸಾದವರು ಇವತ್ತು ಕಚೇರಿಗಳಲ್ಲಿ, ಸಂಸ್ಥೆಗಳಲ್ಲಿ ಕೂತು ಬೇರೆಯವರ ಕಷ್ಟ ಕೇಳುತ್ತಿದ್ದಾರೆ. ತಸ್ಲೀಮಾ ಅಳಲಿಲ್ಲ. ನನ್ನನ್ನೊಮ್ಮೆ ನೋಡಿದಳು, ಅಷ್ಟೇ. ನೆಲ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ.

ತನ್ನ ಪುಸ್ತಕವನ್ನು ಅವಳು ಇದ್ದದ್ದು ಇದ್ದ ಹಾಗೆ ಬರೆದಳು. ಕಚೇರಿಯ ಪರದೆಯಲ್ಲಿ ಕಂಡದ್ದನ್ನೂ ಬರೆದಳು. ಫಲಿತಾಂಶದ ಕಾಲಂ ಮಾತ್ರ ಖಾಲಿ ಬಿಟ್ಟಳು. ಯಂಕಣ್ಣ ಸರ್ ಅದನ್ನು ಹಿಡಿದುಕೊಂಡು, ಅವಳು ಕೂತಿದ್ದ ನನ್ನ ಅಂಗಡಿಗೇ ಬಂದರು. ಇವರು ಕೆಟ್ಟ ಮನುಷ್ಯ ಎಂದು ಯಾರೂ ಹೇಳುವುದಿಲ್ಲ. ಸಣ್ಣ ದನಿಯಲ್ಲೇ ಮಾತಾಡುತ್ತಾರೆ, ಅದೇ ಹೆಚ್ಚು ಸಿಟ್ಟು ತರಿಸುತ್ತದೆ.

“ತಸ್ಲೀಮಾ, ಕಾಲಂ ಖಾಲಿ ಬಿಟ್ರ ಕೇಸ್ ಮುಗಿದಿಲ್ಲ ಅಂತ ಅರ್ಥ ಆಗ್ತದಮ್ಮ. ಮುಗಿಲಾರದ ಕೇಸಿಗಿ ನಾ ಹೆಂಗ ಸಹಿ ಮಾಡ್ಲಿ?”

“ಮುಗಿದಿಲ್ರಿ ಸರ್. ಆಕಿಗಿ ಏನೂ ಸಿಕ್ಕಿಲ್ಲ.”

“ಸಿಕ್ಕ್ಯಾದ ಅಂತ ಬರೀಲಾಕ ನಿನಗೇನು ಕಷ್ಟ? ಒಂದು ಸಾಲು. ನಿನಗ ನೌಕರಿ ಬೇಕೋ ಬ್ಯಾಡೋ?”

“ಬೇಕ್ರಿ. ಆದ್ರ ನಾ ಹಂಗ ಬರದ್ರ ಆಕಿಗಿ ಹನ್ನೆರಡನೇ ಸಲ ಕೊಟ್ಟಂಗ ಆಗ್ತದ್ರಿ. ಮುಂದ ಎಂದೂ ಸಿಗಂಗಿಲ್ಲ.”

ಅವರು ಪುಸ್ತಕವನ್ನು ಮೇಜಿನ ಮೇಲಿಟ್ಟು ಹೋದರು. ಸಹಿ ಇಲ್ಲ, ಸಹಿ ಇಲ್ಲದೆ ಪರೀಕ್ಷೆ ಇಲ್ಲ. ಮನೆಯಲ್ಲಿ ತಾಯಿ ಗೌಹರಬೇಗಂ, “ಲಿಖ್ ದೇ ಮಾ, ಏಕ್ ಲೈನೀಚ್ ಹೈ ನಾ” ಎಂದು ಮೂರು ದಿನ ಅತ್ತಳಂತೆ. ಬರೆದುಬಿಡು ತಾಯೀ, ಒಂದೇ ಸಾಲು ತಾನೆ ಎಂದು. ನಾನೂ ಅದನ್ನೇ ಹೇಳಿದೆ. ಹೇಳಿದ್ದಕ್ಕೆ ಇವತ್ತಿಗೂ ನಾಚಿಕೆ ಇದೆ.

ಮೌಖಿಕ ಪರೀಕ್ಷೆಯ ದಿನ ಅವಳು ಸಹಿಯಿಲ್ಲದ ಪುಸ್ತಕ ಹಿಡಿದೇ ಕಾಲೇಜಿಗೆ ಬಂದಳು. ಜೊತೆಗೆ ಶೇಖಮ್ಮ, ಮಲ್ಲೇಶ್ವರಿ. ಮೂವರೂ ವರಾಂಡದ ಬೆಂಚಿನ ಮೇಲೆ ಕೂತರು. ತಡವಾಗಿ ಬೈಂಡು ಮಾಡಿಸಿದವನೊಬ್ಬನ ಪುಸ್ತಕ ಕೊಡಲು ಹೋಗಿದ್ದ ನಾನು ಅಲ್ಲೇ ನಿಂತೆ. ಬೇರೆ ಜಿಲ್ಲೆಯಿಂದ ಬಂದಿದ್ದ ಪರೀಕ್ಷಕಿ ದೇವಕಮ್ಮ ಮೇಡಂ ಚಹಾಕ್ಕೆಂದು ಹೊರಗೆ ಬಂದವರು, “ನೀವ್ಯಾರಮ್ಮ?” ಎಂದು ಕೇಳಿದರು.

“ಸಗರದ ಶೇಖಮ್ಮರಿ. ಈಕಿ ನನ್ನ ಮಗಳು ಮಲ್ಲೇಶ್ವರಿ.”

ಬೆಳಗಿನಿಂದ ಒಂಬತ್ತು ಪುಸ್ತಕಗಳಲ್ಲಿ ಆ ಹೆಸರು ಓದಿ ಬಂದಿದ್ದ ಮೇಡಂ ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಚಹಾ ಮರೆತರು. ಮೂವರನ್ನೂ ಒಳಗೆ ಕರೆದರು. ಅವರ ಹಿಂದೆ ನಾನೂ ಬಾಗಿಲ ತನಕ ಹೋದೆ.

ಒಳಗೆ ಯಂಕಣ್ಣ ಸರ್, ಕೈಯಲ್ಲಿ ಮೊಬೈಲು ಹಿಡಿದ ನಾಲ್ಕಾರು ವಿದ್ಯಾರ್ಥಿಗಳು. ಮಲ್ಲೇಶ್ವರಿ ಅವರನ್ನೂ ಮೊಬೈಲನ್ನೂ ನೋಡಿದಳು. ಗೋಡೆಗೆ ಬೆನ್ನು ಹಚ್ಚಿ ನಿಂತು, ಎಡಗೈಯಿಂದ ಕೂದಲನ್ನು ಹಿಂದಕ್ಕೆ ಸರಿಸಿ, ಕತ್ತು ಹೊರಳಿಸಿ ಕಿವಿ ತೋರಿಸಿದಳು. ಹಾಗೆಯೇ ಅಲುಗದೆ ನಿಂತಳು.

“ಯಾಕಮ್ಮ, ಏನು ಮಾಡ್ತಿದ್ದಾಳೆ?” ಎಂದರು ಮೇಡಂ.

“ಫೋಟೋ ತಗಿಯಾಕ ಕರಸಿರಿ ಅಂತ ತಿಳಕೊಂಡಾಳ್ರಿ,” ಎಂದಳು ಶೇಖಮ್ಮ. “ಸಣ್ಣಾಕಿ ಇದ್ದಾಗಿಂದ ಹಿಂಗೇ ನಿಂದರಸ್ತಿದ್ರು. ಕಿವ್ಯಾಗ ಯಂತ್ರ ಇಡೋರು, ಫೋಟೋ ತಗಿಯೋರು, ಮತ್ತ ತಗೊಂಡು ಹೋಗೋರು. ಮೊದಲ ವರ್ಷ ತಗೊಂಡು ಹೋದಾಗ ಭಾಳ ಅತ್ತಾಳ್ರಿ. ಆಮ್ಯಾಲ ಅಳೋದು ಬಿಟ್ಳು.”

ಮೇಡಂ ಯಂತ್ರ ಎಲ್ಲಿ ಎಂದು ಕೇಳಿದರು. ಜವಾನ ವಿಭಾಗದ ಕಪಾಟು ತೆಗೆದು, ಶಿಬಿರದ ಬ್ಯಾನರಿನ ಕೆಳಗಿದ್ದ ಸಣ್ಣ ಡಬ್ಬಿ ತಂದುಕೊಟ್ಟ. ಮೇಡಂ ಯಂತ್ರ ಬಿಚ್ಚಿ ನೋಡಿದರು. “ಇದರಲ್ಲಿ ಸೆಲ್ಲೇ ಇಲ್ಲವಲ್ರೀ ಯಂಕಣ್ಣ.”

“ಫೋಟೋದಾಗ ಸೆಲ್ ಕಾಣಂಗಿಲ್ರಿ ಮೇಡಂ,” ಎಂದರು ಯಂಕಣ್ಣ ಸರ್. ಅದೇ ಸಣ್ಣ ದನಿಯಲ್ಲಿ, ತಿಳಿಯದವರಿಗೆ ತಿಳಿಸಿ ಹೇಳುವಂತೆ.

ಒಬ್ಬ ಮನುಷ್ಯನನ್ನು ಹೊಡೆಯಬೇಕು ಎಂದು ನನಗೆ ಜೀವನದಲ್ಲಿ ಮೊದಲ ಸಲ ಅನಿಸಿದ್ದು ಆಗ. ಹೊಡೆಯಲಿಲ್ಲ. ಆ ಕೋಣೆಯ ಮೇಜಿನ ಮೇಲೆ ಇದ್ದ ರೆಕ್ಸಿನ್ ಪುಸ್ತಕಗಳೆಲ್ಲ ನನ್ನ ಕೈಯವೇ.

ಮೇಡಂ ತಮ್ಮೆದುರೇ ತಸ್ಲೀಮಾಳ ಪುಸ್ತಕಕ್ಕೆ ಯಂಕಣ್ಣನಿಂದ ಸಹಿ ಹಾಕಿಸಿದರು. ಅರ್ಧ ಗಂಟೆ ಅವಳನ್ನು ಪ್ರಶ್ನೆ ಕೇಳಿದರು. ತಮ್ಮ ಐವತ್ತು ಅಂಕಗಳಲ್ಲಿ ನಲವತ್ತಾರು ಕೊಟ್ಟರು. ಉಳಿದವರ ಪರೀಕ್ಷೆ ಮಾಡುವುದಿಲ್ಲ ಎಂದು ಬರೆದಿಟ್ಟು, ಮಲ್ಲೇಶ್ವರಿಯ ವಿಷಯವಾಗಿ ಯಾದಗಿರಿಯ ಕಚೇರಿಗೆ ಒಂದು ಪತ್ರ ಕಳಿಸಿ, ಹೊರಟುಹೋದರು. ಗೆದ್ದೆವು ಎಂದುಕೊಂಡೆ ನಾನು.

ಇನ್ನೈವತ್ತು ಅಂಕ ಕಾಲೇಜಿನ ಕೈಯಲ್ಲಿತ್ತು. ಯಂಕಣ್ಣ ಹನ್ನೆರಡು ಕೊಟ್ಟರು. ಒಟ್ಟು ಐವತ್ತೆಂಟು. ಒಂದು ವಾರದಲ್ಲಿ ಬೇರೊಬ್ಬ ಪರೀಕ್ಷಕ ಬಂದ, ಉಳಿದವರನ್ನೆಲ್ಲ ಒಂದೇ ಮಧ್ಯಾಹ್ನದಲ್ಲಿ ಮುಗಿಸಿದ. ಅತೀಕನಿಗೆ ಎಂಬತ್ತೆಂಟು. ಯಾದಗಿರಿಯ ಹುದ್ದೆ ಅತೀಕನಿಗೆ ಸಿಕ್ಕಿತು. ಎರಡು ಅಂಕ ಕಡಿಮೆ ಇದ್ದವಳ ಅರ್ಜಿಯನ್ನು ಕಂಪ್ಯೂಟರ್ ತೆಗೆದುಕೊಳ್ಳಲೇ ಇಲ್ಲ. ಆ ಅರ್ಜಿ ತುಂಬಲು ಕೂತಿದ್ದವನು ನಾನೇ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಅನ್ನುತ್ತಾರಲ್ಲ, ನಮ್ಮಲ್ಲಿ ದೇವರಿಗಿಂತ ಪೂಜಾರಿಗೇ ಹೆಚ್ಚು ಅಂಕ.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅತೀಕ ಕೊರಳಲ್ಲಿ ಗುರುತಿನ ಚೀಟಿ ಹಾಕಿಕೊಂಡು ನನ್ನ ಅಂಗಡಿಗೆ ಬಂದ. ತಸ್ಲೀಮಾ ಒಳಗೆ ಯಾರದೋ ಅರ್ಜಿ ಬರೆಯುತ್ತ ಕೂತಿದ್ದಳು, ಅವನು ನೋಡಲಿಲ್ಲ.

“ಅಣ್ಣಾ, ಸಗರದಾಗ ಶೇಖಮ್ಮನ ಮನಿ ಎಲ್ಲಿ ಬರ್ತದ್ರಿ? ಆ ಮೇಡಂ ಪತ್ರಕ್ಕ ಮನಿ ಪರಿಶೀಲನೆ ಮಾಡ್ಕೊಂಡು ಬಾ ಅಂತ ಆಫೀಸಿಂದ ಕಳಸ್ಯಾರ. ನಾ ಎಂದೂ ಹೋಗಿಲ್ಲಲ್ರಿ.”

“ಹೋಗಿಲ್ಲ?” ನನ್ನ ಸಿಟ್ಟು ನೆತ್ತಿಗೇರಿತು. “ನೂರಾ ಹತ್ತು ಪುಟ ಬರ್ದೀಯಲ್ಲೋ ಆ ಮನೀದು. ಆಕಿ ಕಣ್ಣೀರು ಒರಸಿದೆ ಅಂತ ಬರ್ದೀ.”

ನಾನು ಇನ್ನೂ ಬೈಯುವವನಿದ್ದೆ. ತಸ್ಲೀಮಾ ಪೆನ್ನು ಮುಚ್ಚಿ ಹೊರಗೆ ಬಂದಳು.

“ಬೈಯೋದು ಆಮ್ಯಾಲ ಬೈರಿ ಅಣ್ಣಾ. ಇವನ ಸಹಿ ಇಲ್ಲಂದ್ರ ಆ ಹಳೇ ನೋಂದಣಿ ತಗಿಯಂಗಿಲ್ಲ, ಆಕಿಗಿ ಯಂತ್ರ ಬರಂಗಿಲ್ಲ.” ಅತೀಕನ ಕಡೆ ತಿರುಗಿ, “ನಡಿ, ಬಸ್ಸದ, ನಾ ತೋರಸ್ತೀನಿ,” ಎಂದಳು.

ಸಂಜೆ ಬಂದು ಹೇಳಿದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಏನು ಕೇಳಬೇಕು, ಹೇಗೆ ಕೇಳಬೇಕು ಎಂದು ಅವನಿಗೆ ಹೇಳಿಕೊಟ್ಟಳಂತೆ. ಶೇಖಮ್ಮನ ಅಂಗಳದಲ್ಲಿ ಕೂತು ಒಂದೊಂದು ಸಾಲನ್ನೂ ತಾನೇ ಹೇಳಿ ಬರೆಸಿದಳಂತೆ. ‘ಪರಿಶೀಲಿಸಿದ ಸಮಾಜ ಕಾರ್ಯಕರ್ತರು’ ಎಂದಿದ್ದ ಕಡೆ ಅತೀಕ ಸಹಿ ಮಾಡಿದ. ತಸ್ಲೀಮಾಳ ಸಹಿಗೆ ಆ ಹಾಳೆಯಲ್ಲಿ ಇದ್ದ ಜಾಗ ಕೆಳಗಿನ ‘ಸಾಕ್ಷಿ’ ಎಂಬ ಗೆರೆ ಮಾತ್ರ. ಅವಳು ಅಲ್ಲಿ ಮಾಡಿದಳು.