ಅವ್ವನಿಗೆ ಹೊಳೆಮೀನಿನ ಎಡೆ

ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ನಮ್ಮೂರು ಹೆಡತಲೆಯಿಂದ ತಮ್ಮ ಫೋನ್ ಮಾಡಿದ. "ಅಕ್ಕಾ, ಅವ್ವಂಗೆ ಇಲ್ಲೇ ಎಡೆ ಇಕ್ತೀವಿ, ಬಂದ್ಬುಡು. ಮೀನು ಮಾತ್ರ ಇಲ್ಲ ಕಣಕ್ಕ. ನನ್ನೆಂಡ್ತಿ ತಿನ್ನೋದ್ ಬುಟ್ಟವ್ಳೆ, ವಾಸ್ನೆನೇ ಆಗಲ್ಲ. ಒಬ್ಬಟ್ಟು ಮಾಡ್ತೀವಿ."

ಸಿಟ್ಟು ನೆತ್ತಿಗೇರಿತು. ಎಡೆಯೆಂದರೆ ಸತ್ತವರಿಗೆ ಇಷ್ಟವಾದದ್ದನ್ನು ಬಡಿಸುವುದು ತಾನೇ? ಅವ್ವನಿಗೆ ಸಿಹಿ ಕಂಡರಾಗುತ್ತಿರಲಿಲ್ಲ. ಹೊಳೆಮೀನಿನ ಸಾರೆಂದರೆ ಪ್ರಾಣ ಬಿಡುತ್ತಿದ್ದಳು. "ನಿಮ್ಮ ಒಬ್ಬಟ್ಟು ನೀವೇ ತಿನ್ಕೊಳ್ಳಿ, ಅವ್ವಂಗೆ ನಾನಿಲ್ಲೇ ಇಡ್ತೀನಿ" ಎಂದು ಫೋನ್ ಇಟ್ಟೆ. ಆಮೇಲೆ ಮನೆ ಇನ್ನಷ್ಟು ಬಿಕೋ ಎಂದಿತು.

ನಾನು ತಿ. ನರಸೀಪುರದ ಒಂದು ಕಚೇರಿಯಲ್ಲಿ ಗುಮಾಸ್ತೆ. ಮದುವೆಯಾಗಲಿಲ್ಲ. ಕೊನೆಯ ವರ್ಷಗಳಲ್ಲಿ ಅವ್ವ ನನ್ನ ಜೊತೆಗಿದ್ದಳು. ಕಿಡ್ನಿ ಕೆಟ್ಟಿತ್ತು, ಡಾಕ್ಟರು ಉಪ್ಪು ಬಿಡಿಸಿದ್ದರು. ಎರಡೆರಡು ಅಡುಗೆ ಮಾಡುವವರು ಯಾರು? ಉಪ್ಪಿಲ್ಲದೆ ಒಂದೇ ಪಾತ್ರೆಯಲ್ಲಿ ಬೇಯಿಸಿ, ನನ್ನ ತಟ್ಟೆಗೆ ಮಾತ್ರ ಆಮೇಲೆ ಉದುರಿಸಿಕೊಳ್ಳುತ್ತಿದ್ದೆ. ಅವ್ವ ನನ್ನ ಕೈಯನ್ನೇ ನೋಡುತ್ತಿದ್ದಳು.

"ಸಪ್ಪೆ ತಿಂದು ತಿಂದು ನಾಲ್ಗೆ ಸತ್ತೋಯ್ತು ಕಣವ್ವಾ. ಒಂದಿನ ಉಪ್ಪು, ಉಳಿ, ಕಾರ ಆಕಿ ಮೀನ್ ಸಾರು ಮಾಡ್ಕೊಡು" ಎನ್ನುವಳು. "ವಾಸಿಯಾಗ್ಲಿ, ಮಾಡ್ಕೊಡ್ತೀನಿ" ಎನ್ನುತ್ತಿದ್ದೆ. ವಾಸಿಯಾಗಲಿಲ್ಲ. ಇದು ಅವಳ ಮೊದಲ ಎಡೆ.

ಸಂತೆಯ ಹತ್ತಿರ ಮೀನು ಮಾರುವ ಹೆಂಗಸಿಗೆ "ಕೆರೇದಾ, ಹೊಳೇದಾ?" ಎಂದೆ.

"ಒಳೇದೇ ಕಣವ್ವಾ, ಬೆಳಿಗ್ಗೆ ಬಲೆಗೆ ಬಿದ್ದದ್ದು. ಎಷ್ಟು ಜನಕ್ಕೆ?"

ಒಬ್ಬಳಿಗೆ ಎನ್ನಲು ನಾಚಿಕೆಯಾಗಿ "ಇಬ್ಬರಿಗೆ" ಎಂದೆ. ಸುಳ್ಳೇನಲ್ಲವಲ್ಲ! ನಂಜನಗೂಡು ರಸಬಾಳೆಗೆ ಅಲೆದೆ, ಸಿಗಲಿಲ್ಲ. ಏಲಕ್ಕಿ ಬಾಳೆ ತಂದೆ. ಅವ್ವನಿಗೆಂದೇ ಹೊಸದೊಂದು ಕಲ್ಲುಪ್ಪಿನ ಪ್ಯಾಕೆಟ್ಟನ್ನೂ ಕೊಂಡೆ.

ಎಡೆಯ ಅಡುಗೆಯನ್ನು ಹಿರಿಯರಿಗಿಂತ ಮೊದಲು ನಾವು ರುಚಿ ನೋಡುವಂತಿಲ್ಲ. ಅವ್ವ ಹೋದ ಮೇಲೆ ನಾನು ಒಲೆ ಹಚ್ಚಿದ್ದೇ ಕಡಿಮೆ, ಆದರೂ ಕೈ ತಾನಾಗಿ ನಡೆಯಿತು. ಹುಳಿ ಕಿವುಚಿದೆ, ಕಾಯಿ ಖಾರ ರುಬ್ಬಿದೆ, ಮುದ್ದೆ ಕಟ್ಟಿದೆ. ಫೋಟೋದ ಮುಂದೆ ಎಲೆ ಹಾಕಿ ಬಡಿಸಿ, ಊದುಬತ್ತಿ ಹಚ್ಚಿ, ಅವಳು ಬಂದು ಉಣ್ಣಲಿ ಎಂದು ಬಾಗಿಲೆಳೆದುಕೊಂಡು ಹೊರಗೆ ಬಂದೆ. ಹೆಡತಲೆಯಲ್ಲಾದರೆ ಆ ಹೊತ್ತಿಗೆ ಅಂಗಳದ ತುಂಬ ಜನ ನಿಂತು ಸತ್ತವರನ್ನೇ ಆಡಿಕೊಂಡು ನಗುತ್ತಿದ್ದೆವು. ಇಲ್ಲಿ ಮೆಟ್ಟಿಲ ಮೇಲೆ ನಾನೊಬ್ಬಳೇ ಕೂತಿದ್ದೆ. ಮಾತಾಡಲೂ ಒಂದು ನರಪಿಳ್ಳೆ ಇರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಪದ್ಧತಿಯಂತೆ ಬಾಗಿಲು ಬಡಿದು ಒಳಗೆ ಹೋದೆ.

ಎಲೆಯಿಂದ ಒಂದು ತುತ್ತು ಮುರಿದು ಸಾರಿಗದ್ದಿ ಬಾಯಿಗಿಟ್ಟುಕೊಂಡೆ.

ಸಪ್ಪೆ.

ಕಲ್ಲುಪ್ಪಿನ ಪ್ಯಾಕೆಟ್ಟು ಒಲೆಯ ಪಕ್ಕದಲ್ಲೇ ಇತ್ತು. ಒಡೆದೇ ಇರಲಿಲ್ಲ. ಅಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಸತ್ತ ಮೇಲೂ ಅವ್ವನಿಗೆ ಪಥ್ಯದೂಟ ಬಡಿಸಿದ್ದೆ. ಗೋಡೆಗೊರಗಿ ಕೂತು ಗೊಳೋ ಎಂದು ಅತ್ತೆ. "ಬಿಡು, ಆಯ್ತು" ಎನ್ನಲು ಯಾರೂ ಇರಲಿಲ್ಲ.

ಅತ್ತು ಸಾಕಾಗಿ ಎದ್ದೆ. ನಾನು ಬಾಯಿಟ್ಟದ್ದು ಎಲೆಯದಕ್ಕೆ ಮಾತ್ರ, ಪಾತ್ರೆಯಲ್ಲಿದ್ದದ್ದು ಎಂಜಲಾಗಿರಲಿಲ್ಲ. ಉಪ್ಪು ಹಾಕಿ ಇನ್ನೊಮ್ಮೆ ಕುದಿಸಿ, ಬೇರೆ ಎಲೆ ಹಾಕಿ ಬಡಿಸಿದೆ. ಒಂದೇ ದಿನ ಎರಡು ಸಲ ಎಡೆ ಇಟ್ಟವರನ್ನು ನಾನಂತೂ ಕಂಡಿಲ್ಲ.

"ಅವ್ವಾ, ಉಪ್ಪು ಹಾಕಿದ್ದೀನಿ. ಇನ್ನೊಂದು ಸಲ ಬಾ" ಎಂದು ಬಾಗಿಲೆಳೆದುಕೊಂಡು ಮತ್ತೆ ಮೆಟ್ಟಿಲ ಮೇಲೆ ಕೂತೆ. ಈ ಸಲ ಬಾಗಿಲು ಬಡಿಯಲು ನನಗೇನೂ ಅವಸರವಿರಲಿಲ್ಲ.