ಹುರುಳಿ ಹಾಸಿದ ರಸ್ತೆ

ಕೊರೊನಾ ಬರುವ ಹಿಂದಿನ ವರ್ಷ, ಹುರುಳಿ ಒಕ್ಕುವ ಕಾಲ. ಹೊಸದುರ್ಗದ ಒಂದು ಖಾಸಗಿ ಶಾಲೆಯಲ್ಲಿ ನಾನು ಟೀಚರ್ ಆಗಿ ಸೇರಿ ಎರಡು ವರ್ಷವಾಗಿತ್ತು. ಗಂಡನ ಮನೆ ಶ್ರೀರಾಂಪುರದ ಕಡೆಯ ಹಳ್ಳಿ. ಶಾಲೆಯ ಬಸ್ಸು ನಮ್ಮೂರ ಮೇಲೇ ಹೋಗುತ್ತಿದ್ದುದರಿಂದ ಅದರ ಉಸ್ತುವಾರಿಯೂ ನನ್ನ ತಲೆಗೇ ಬಂದಿತ್ತು.

ಡ್ರೈವರ್ ತಿಪ್ಪೇಶಣ್ಣ ಕುರಿ ಸಾಕುವ ಮನೆಯವರು, ಐವತ್ತರ ಆಸುಪಾಸು. ರಸ್ತೆಗೆ ಕುರಿಮಂದೆ ಅಡ್ಡ ಬಂದರೆ ಹಾರನ್ ಹೊಡೆಯುತ್ತಿರಲಿಲ್ಲ. ಇಂಜಿನ್ ಆರಿಸಿ, "ಎಣಿಸ್ರಪ್ಪ ಎಷ್ಟವೆ" ಎಂದು ಮಕ್ಕಳಿಗೆ ಹೇಳುತ್ತಿದ್ದರು. ಮಕ್ಕಳು ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳಿ ಜಗಳವಾಡುತ್ತಿದ್ದವು.

ಆ ವರ್ಷ ಶಾಲೆಯವರು ಬಸ್ಸಿನ ದಾರಿಯಲ್ಲಿ ಎಲ್ಲೆಲ್ಲಿ ಅಪಾಯ ಇದೆ, ಪಟ್ಟಿ ಮಾಡಿ ಎಂದರು. ನಾನೂ ತಿಪ್ಪೇಶಣ್ಣನೂ ಕೂತು ಬರೆದೆವು. ತಡೆಗೋಡೆ ಇಲ್ಲದ ಸೇತುವೆ, ಬಾಗಿದ ಜಾಲಿಮರ, ನಾಯಿ ಅಡ್ಡ ಬರುವ ತಿರುವು. ಕೊನೆಗೆ ಅವರು, "ಹುರುಳೀನೂ ಬರ್ಕಳ್ರಿ ಮೇಡಂ. ರಸ್ತೆ ತುಂಬ ಹಾಕ್ಯಾರೆ" ಎಂದರು.

ನನಗೆ ನಗು ಬಂತು. ನಮ್ಮ ಕಡೆ ಹುರುಳಿ ಕಿತ್ತು ಟಾರು ರಸ್ತೆಗೆ ಹಾಸುವುದು, ಓಡಾಡುವ ಗಾಡಿಗಳ ಚಕ್ರಕ್ಕೆ ಸಿಕ್ಕಿ ಕಾಳು ಉದುರುವುದು ಎಲ್ಲರ ಮನೆಯ ರೂಢಿ. "ಅದನ್ನೂ ಬರೆದರೆ ನಮ್ಮತ್ತೆ ನನಗೆ ಊಟ ಹಾಕಲ್ಲ ಬಿಡಣ್ಣ" ಎಂದು ಪೆನ್ನು ಮುಚ್ಚಿದೆ.

ಅದಾಗಿ ವಾರವೂ ಆಗಿರಲಿಲ್ಲ. ಒಂದು ಹುಡುಗಿಯ ಜಡೆ ಹೆಣೆದು ಮುಗಿಯುವ ತನಕ ಕಾದು ಅಂದು ಬೆಳಿಗ್ಗೆ ತಡವಾಗಿತ್ತು. ಬಸ್ಸಿನಲ್ಲಿ ಇಪ್ಪತ್ತೇಳು ಮಕ್ಕಳು. ನಮ್ಮ ಹೊಲದ ಮುಂದೆ ಅತ್ತೆ ಮೊಣಕಾಲೆತ್ತರ ಹುರುಳಿ ಹಾಸಿಕೊಂಡು ನಿಂತಿದ್ದರು. ದಿನವೂ ತಿಪ್ಪೇಶಣ್ಣ ಬಸ್ಸು ನಿಲ್ಲಿಸಿ, ಹುರುಳಿಯನ್ನು ಒಂದು ಬದಿಗೆ ಸರಿಸಿಕೊಂಡೇ ದಾಟುತ್ತಿದ್ದರು. ಅಂದೂ ಬ್ರೇಕ್ ಹಾಕಿದರು.

"ಮೇಲೇ ಹತ್ತಿಸ್ಕಂಡು ಹೋಗಾಕೆ ಹೇಳೇ, ಲಾರಿನೇ ಬಂದಿಲ್ಲ ಬೆಳಿಗ್ಗಿಂದ" ಎಂದು ಅತ್ತೆ ಕಿಟಕಿಯ ಹತ್ತಿರ ಬಂದು ಹೇಳಿದರು.

"ಹತ್ತಿಸ್ರಿ ಅಣ್ಣ, ನಮ್ಮನೇದೇ" ಎಂದೆ.

"ಬ್ಯಾಡ ಮೇಡಂ. ಬಳ್ಳಿ ಕೆಳಗಡೆ ಸುತ್ಕಂತೈತೆ."

ನನ್ನದು ಮೊದಲೇ ಮೂಗಿನ ತುದಿಯ ಕೋಪ. ಅತ್ತೆಯ ಮುಂದೆ ನನ್ನ ಮಾತು ನಡೆಯಲಿಲ್ಲವಲ್ಲ ಎಂದು ಬೇರೆ. "ಹೋಗ್ರಿ ಅಂದ್ರೆ ಹೋಗ್ರಿ, ಬೆಲ್ ಆಗುತ್ತೆ" ಎಂದು ಗದರಿದೆ. ಅವರು ಕನ್ನಡಿಯಲ್ಲಿ ನನ್ನನ್ನೊಮ್ಮೆ ನೋಡಿ, ಗೇರ್ ಹಾಕಿದರು. ಸರಸರ ಸದ್ದಿಗೆ ಮಕ್ಕಳು ಚಪ್ಪಾಳೆ ತಟ್ಟಿದವು.

ಒಂದೆರಡು ಕಿಲೋಮೀಟರ್ ಹೋಗಿರಬೇಕು. ಮೂರನೇ ಕ್ಲಾಸಿನ ಹುಡುಗಿಯೊಬ್ಬಳು, "ಮಿಸ್, ಯಾರೋ ಶೇಂಗಾ ಸುಡ್ತಾ ಅವ್ರೆ" ಎಂದಳು. ಸುಮ್ಮನೆ ಕೂತ್ಕೋ ಎಂದೆ. ಅಷ್ಟರಲ್ಲಿ ನನ್ನ ಕಾಲ ಬುಡದಿಂದಲೇ ಹೊಗೆ ಎದ್ದಿತು.

ತಿಪ್ಪೇಶಣ್ಣ ಬಸ್ಸು ಬದಿಗೆ ನಿಲ್ಲಿಸಿ ಬಾಗಿಲು ತೆಗೆದರು. "ಬ್ಯಾಗು ಬಿಡ್ರಿ. ದೊಡ್ಡೋರು ಸಣ್ಣೋರ ಕೈ ಹಿಡ್ಕಳ್ರಿ. ಆ ಹುಣಸೆ ಮರದ ತಾವ ಹೋಗಿ ನಿಂತ್ಕಳ್ರಿ" ಎಂದರು. ದನಿ ಒಂಚೂರೂ ಏರಿರಲಿಲ್ಲ. ನಾನೂ ಮಕ್ಕಳ ಹಿಂದೆ ಓಡಿದೆ. ಮರದಡಿ ಎಣಿಸಿದರೆ ಒಮ್ಮೆ ಇಪ್ಪತ್ತಾರು, ಒಮ್ಮೆ ಇಪ್ಪತ್ತೆಂಟು. ಮೂರನೇ ಸಲಕ್ಕೆ ಇಪ್ಪತ್ತೇಳು ಸರಿಹೋಯಿತು.

ತಿಪ್ಪೇಶಣ್ಣ ನೆಲಕ್ಕೆ ಮಲಗಿ, ಬಸ್ಸಿನ ಅಡಿಗೆ ಸುತ್ತಿಕೊಂಡು ಬಿಸಿಗೆ ಹೊತ್ತಿದ್ದ ಹುರುಳಿ ಬಳ್ಳಿಯನ್ನು ಜಾಕಿ ರಾಡಿನಿಂದ ಎಳೆದೆಳೆದು ಹಾಕುತ್ತಿದ್ದರು. "ನೀರು, ನೀರು" ಎಂದು ಕೂಗಿದರು. ಮಕ್ಕಳ ಕೊರಳಲ್ಲಿ ನೇತಾಡುತ್ತಿದ್ದ ಬಾಟಲಿಗಳನ್ನೆಲ್ಲ ಬಿಚ್ಚಿಕೊಂಡು ಓಡಿದೆ. ಅಷ್ಟೂ ನೀರು ಸುರಿದ ಮೇಲೆ ಹೊಗೆ ನಿಂತಿತು. ಅವರ ಬಲ ಅಂಗೈ ಸುಟ್ಟು ಬೊಬ್ಬೆ ಎದ್ದಿತ್ತು.

ಶಾಲೆಯಲ್ಲಿ ಕಾರ್ಯದರ್ಶಿಯವರು ಇಬ್ಬರನ್ನೂ ನಿಲ್ಲಿಸಿ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ತಿಪ್ಪೇಶಣ್ಣ, "ನಂದೇ ತಪ್ಪು ಸಾರ್" ಎಂದುಬಿಟ್ಟರು. ನಾಳೆಯಿಂದ ಬರಬೇಡ ಎಂದರು ಕಾರ್ಯದರ್ಶಿಯವರು. ನಾನು ನೆಲ ನೋಡುತ್ತಾ ನಿಂತಿದ್ದೆ. ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ.

ಮೂರು ದಿನ ಬೇರೆ ಡ್ರೈವರ್ ಬಂದ. ಕುರಿ ಬಂದರೆ ಹಾರನ್ ಹೊಡೆದ. ಮಕ್ಕಳು ಕುರಿ ಎಣಿಸಲಿಲ್ಲ. ಮನೆಯಲ್ಲಿ ಅತ್ತೆಗೆ ನಡೆದದ್ದೆಲ್ಲ ಹೇಳಿದ್ದೆ. ಕೊನೆಗೆ ಅತ್ತೆಯೇ, "ಹೇಳಿದ್ದು ನಾವು, ಹೋಗಿದ್ದು ಆ ಯಪ್ಪನ ಅನ್ನ. ಇದ್ದದ್ದು ಇದ್ದಂಗೆ ಹೇಳಿ ಬಾ, ಹೋಗು" ಎಂದರು. ಮರುದಿನ ಕಾರ್ಯದರ್ಶಿಯವರ ಮುಂದೆ ಎಲ್ಲ ಹೇಳಿದೆ. ಚೆನ್ನಾಗಿ ಬೈಸಿಕೊಂಡೆ. ಕೊನೆಗೆ ಅವರು, ತಿಪ್ಪೇಶಣ್ಣನನ್ನು ವಾಪಸು ಕರೆಯಿರಿ ಎಂದರು.

ಸಂಜೆ ಅತ್ತೆಯೂ ನಾನೂ ಅವರ ಹಟ್ಟಿಗೆ ಹೋದೆವು. ಕೈಗೆ ಬಟ್ಟೆ ಸುತ್ತಿಕೊಂಡು ಕುರಿ ರೊಪ್ಪದ ಬೇಲಿ ಸರಿಮಾಡುತ್ತಿದ್ದರು. "ಯಾಕಣ್ಣ ನನ್ನ ಹೆಸರು ಹೇಳಲಿಲ್ಲ?" ಎಂದು ಕೇಳುವಾಗ ಅಳು ತಡೆಯಲಾಗಲಿಲ್ಲ.

"ನೀವು ಹೇಳಿದ್ರಿ, ದಿಟ. ಸ್ಟೇರಿಂಗ್ ನನ್ ಕೈಯಾಗಿತ್ತಲ್ಲ ಮೇಡಂ. ಒಲ್ಲೆ ಅನ್ನಾಕೆ ನಂಗೂ ಬಾಯಿತ್ತು. ಮೇಡಮ್ಮಾರಿಗೆ ಎದುರಾಡಬಾರ್ದು ಅಂತ ಸುಮ್ಕಾದೆ. ಅದೇ ನನ್ ತಪ್ಪು" ಎಂದರು. "ಕುಂತ್ಕಳ್ರಿ, ಮಜ್ಜಿಗೆ ಕುಡಿವಂತ್ರಿ."

ಮತ್ತೆ ಬಂದು, ಕೊರೊನಾದ ರಜೆ ಬಿಟ್ಟು ಮೂರ್ನಾಲ್ಕು ವರ್ಷ ಬಸ್ಸು ಓಡಿಸಿದರು. ಈಗ ಕುರಿ ನೋಡಿಕೊಂಡು ಮನೆಯಲ್ಲಿದ್ದಾರೆ. ಶಾಲೆಯ ಅಷ್ಟೂ ಬಸ್ಸುಗಳ ಉಸ್ತುವಾರಿ ಈಗ ನನ್ನದೇ.

ಮೊನ್ನೆ ಮಳೆ ಬಂದ ಮಾರನೇ ದಿನ, ಹಳ್ಳದ ಹತ್ತಿರ ಹೊಸ ಡ್ರೈವರ್ ಬಸ್ಸು ನಿಲ್ಲಿಸಿದ. ನೀರು ಕಡಿಮೆಯೇ ಇತ್ತು. ಹೋಗೋಣ ಎಂದೆ. "ಆಗಲ್ಲ ಮೇಡಂ. ಸುತ್ತಾಕ್ಕೊಂಡು ಹೋಗಾಣ, ತಡ ಆದ್ರೆ ಆಗ್ಲಿ" ಎಂದ, ಎಲ್ಲ ಮಕ್ಕಳ ಮುಂದೆ. ಸುಳ್ಳು ಯಾಕೆ ಹೇಳಲಿ, ಚುರ್ರೆಂದು ಕೋಪ ಬಂತು. ಆದರೂ ಸರಿ ಎಂದೆ. ಸುತ್ತುದಾರಿ ಉದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿ ಕಣ್ಣೊರೆಸಿಕೊಳ್ಳುತ್ತಿದ್ದೆ.

ಅಂದು ಸಂಜೆ ತಿಪ್ಪೇಶಣ್ಣನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ಒಲ್ಲೆ ಅನ್ನಾಕೆ ಬಾಯೈತೆ ಅವ್ನಿಗೆ. ಅಂಥೋನ್ನ ಕಳ್ಕಬ್ಯಾಡ್ರಿ ಮೇಡಂ" ಎಂದರು.