ಶುಕ್ರವಾರವಾದ ಗುರುವಾರ

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾನು ಕೊಟ್ಟೂರಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ಹೊಸಹಳ್ಳಿ ಕಡೆಯ ನರ್ಸಮ್ಮ ಒಬ್ಬರು ಬಂದು, ಕೂಸುಗಳ ಮುಂದಿನ ಲಸಿಕೆಯ ದಿನ ತಿಳಿಸುವ ಚೀಟಿಗಳನ್ನು ಮುದ್ರಿಸಿಕೊಡಲು ಕೇಳಿದರು.

"ಬರೇ ಅಂಕಿ ಹಾಕಬ್ಯಾಡ್ರಿ. ನಮ್ಮ ಹೆಣ್ಮಕ್ಕಳು ವಾರದ ಮ್ಯಾಲೆ ನೆನಪಿಡ್ತಾರ."

ತಾರೀಖಿನ ವಾರ ಯಾವುದೆಂದು ಕೇಳಿದರೆ ಕಂಪ್ಯೂಟರ್ ಹೆಸರನ್ನು ಇಂಗ್ಲಿಷಿನಲ್ಲೇ ಬರೆಯುತ್ತಿತ್ತು, ಇಲ್ಲವೇ ಒಂದರಿಂದ ಏಳರೊಳಗಿನ ಅಂಕಿ ಕೊಡುತ್ತಿತ್ತು. ಹಾಗಾಗಿ ಸೋಮವಾರದಿಂದ ಶುರುಮಾಡಿ ಏಳೂ ವಾರಗಳ ಹೆಸರನ್ನು ಕನ್ನಡದಲ್ಲಿ ಪಟ್ಟಿ ಮಾಡಿ, ಆ ಅಂಕಿಗೆ ತಕ್ಕ ಹೆಸರು ಬರುವಂತೆ ಪ್ರೋಗ್ರಾಮಿಗೆ ಸೇರಿಸಿದೆ. ಚೀಟಿಗಳು ಚಂದ ಬಂದವು.

ಮುಂದಿನ ತಿಂಗಳು ಅವರು ಮತ್ತೆ ಬಂದರು. "ಗುರುವಾರ ಲಸಿಕಿ ಇಟ್ಕೊಂಡು ಕುಂತೆ, ಒಬ್ರೂ ಬರಲಿಲ್ರಿ. ಶುಕ್ರವಾರ ನೋಡಿದ್ರ ಎಲ್ಲಾರೂ ಕೂಸು ಎತ್ಕೊಂಡು ಬಾಗಲದಾಗ ನಿಂತಾರ!"

ಕಂಪ್ಯೂಟರಿಗೆ ವಾರದ ಮೊದಲ ದಿನ ಭಾನುವಾರ ಎಂಬುದು ಆಗ ಹೊಳೆಯಿತು. ನನ್ನ ಪಟ್ಟಿ ಸೋಮವಾರದಿಂದ ಶುರುವಾದ್ದರಿಂದ ಗುರುವಾರ ಎಂದು ಬರಬೇಕಾದಲ್ಲಿ ಶುಕ್ರವಾರ ಎಂದು ಅಚ್ಚಾಗಿತ್ತು. ನಾಚಿಕೆಯಾಯಿತು.

"ವಾಪಸ್ ಕಳಿಸಿದ್ರೇನ್ರಿ?" ಎಂದು ಕೇಳಿದೆ.

"ಹ್ಯಾಂಗ ಕಳಿಸ್ಲಿ? ಗುರುವಾರ ಸಂಜಿಗೇ ಲಸಿಕಿ ವಾಪಸ್ ಕೊಟ್ಟಿದ್ದೆ, ಕೂಡ್ಲಿಗಿ ಆಸ್ಪತ್ರಿಗೆ ಹೋಗಿ ಮತ್ತ ತಂದು ಹಾಕಿದೆ."

ಭಾನುವಾರವನ್ನು ಪಟ್ಟಿಯ ಮೊದಲಿಗೆ ತಂದೆ. ಅವರು ಹೊಸ ಚೀಟಿಯನ್ನು ಗೋಡೆಯ ಕ್ಯಾಲೆಂಡರಿನ ಪಕ್ಕ ಹಿಡಿದು, ಬೆರಳಿಟ್ಟು ನೋಡಿ, "ಈಗ ಉಳಿದವು ಪ್ರಿಂಟ್ ತಗೀರಿ" ಎಂದರು.